ದಿಬ್ಬದ ಬೀದಿಯ ಬಕೆಟ್ ಅಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದಿಬ್ಬದ ಬೀದಿಯ ಕಟ್ಟಕಡೆಯ ಮನೆಯ ನಲ್ಲಿಗೆ ಕೆಂಪು ಬಕೆಟ್ ಒಡ್ಡಿ ಬಕೆಟ್ ಅಕ್ಕ ಕುಕ್ಕರುಗಾಲಲ್ಲಿ ಕೂತಿದ್ದಾರೆ. ದಿಬ್ಬದ ಬುಡದಲ್ಲಿ ಹೊಸ ಕೊಳವೆ ಹಾಕಿ ಇದು ಮೊದಲ ಬೆಳಗು. ನೀರು ಮೇಲೆ ಹತ್ತದಿದ್ದರೆ ಈ ಮನೆಯ ಅಜ್ಜಿಗೆ ಮತ್ತೆ ಬಿಂದಿಗೆ ಹೊರುವುದೇ ಗತಿ. ಅಜ್ಜಿಯೋ, ಯಾವುದಕ್ಕೂ ಇರಲಿ ಎಂದು ಬಿಂದಿಗೆ ಹಿಡಿದೇ ಹೊಸ್ತಿಲಲ್ಲಿ ನಿಂತಿದ್ದಾರೆ.

ನಲ್ಲಿ ಬುಸ್ಸೆನ್ನುತ್ತದೆ. "ಇದು ಬರೀ ಗಾಳಿ. ಒಂದ್ಸಲ ಇದನ್ನ ನಂಬಿ ಕೆಟ್ಟಿದ್ದೀನಿ," ಎಂದು ನಗುತ್ತಾರೆ ಅಕ್ಕ.

ನೀರು ಸರಬರಾಜು ಕಚೇರಿಯಲ್ಲಿ ಅವರದು ತಪಾಸಣೆಯ ಕೆಲಸ. ಯಾವ ಬೀದಿಗೆ ನೀರು ಬಂತು, ಎಷ್ಟು ಹೊತ್ತು ಬಂತು ಎಂದು ದಿನವೂ ವರದಿ ಕಳಿಸಬೇಕು. ಇಂಥ ವರದಿಗಳ ಮೇಲೆಯೇ ದೇಶದ ಊರುಗಳ ನಡುವೆ ಈ ಊರಿಗೊಂದು ಸ್ಥಾನ. ಹಿಂದೆ ಬಿದ್ದ ಬೀದಿಗೆ ಮೊದಲು ದುರಸ್ತಿ. "ಇವಳು ನನ್ನ ಕಟ್ಕೊಂಡಿದ್ದೋ, ಬಕೆಟ್ ಕಟ್ಕೊಂಡಿದ್ದೋ!" ಎಂಬುದು ದರ್ಜಿ ಗಂಡನ ದಿನನಿತ್ಯದ ಗೊಣಗಾಟ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಕ್ಕ ಮೀಟರ್ ನೋಡಿಯೇ ವರದಿ ಬರೆಯುತ್ತಿದ್ದರು. ದಿಬ್ಬದ ಬೀದಿಯ ಮೀಟರುಗಳು ಗಿರಗಿರನೆ ತಿರುಗುತ್ತಿದ್ದವು. ಬೀದಿ ಊರಿಗೇ ಮೊದಲು ಬಂತು, ಕಚೇರಿಯಲ್ಲಿ ಚಪ್ಪಾಳೆಯೂ ಬಿತ್ತು. ನಿಜ ನೋಡಿದರೆ ನೀರೆಲ್ಲ ಬುಡದಲ್ಲೇ ಸೋರಿಹೋಗಿ ಮೇಲಕ್ಕೆ ಗಾಳಿ ಮಾತ್ರ ನುಗ್ಗುತ್ತಿತ್ತು. ಮೀಟರಿಗೆ ಗಾಳಿಯೂ ಒಂದೇ, ನೀರೂ ಒಂದೇ.

"ಅಜ್ಜಿ ನನ್ನ ಕೈ ಹಿಡಿದು ಎಳ್ಕೊಂಡು ಹೋಗಿ ಖಾಲಿ ಬಿಂದಿಗೆ ತೋರಿಸಿದ್ರು. 'ನಿನ್ನ ಮೀಟರ್ನಲ್ಲೇ ಅನ್ನ ಬೇಯಿಸ್ಲೇನಮ್ಮಾ?' ಅಂದ್ರು. ಭೂಮಿ ಬಾಯಿ ಬಿಡಬಾರದೇ ಅನ್ನಿಸ್ತು ನಂಗೆ."

ಮರುದಿನವೇ ಬಕೆಟ್ ಬಂತು. ಯಾವ ಬೀದಿಯೇ ಆಗಲಿ, ಕೊನೆಯ ಮನೆಯಲ್ಲಿ ಅದು ತುಂಬಿದರೆ ಮಾತ್ರ ನೀರು ಬಂದ ಲೆಕ್ಕ. ಊರಿನ ಸ್ಥಾನ ದೊಪ್ಪನೆ ಕುಸಿಯಿತು. "ಊರಿನ ಮಾನ ಬಕೆಟ್ಟಿಗೆ ಹಾಕಿದೆಯಲ್ಲಮ್ಮಾ!" ಎಂದ ಮೇಲಧಿಕಾರಿ, ತಾವೇ ಮುಂದೆ ನಿಂತು ಹಳೇ ಕೊಳವೆ ಅಗೆಸಿದರು. "ಪಾಪ, ನಾನು ಬರೆದಿದ್ದನ್ನೇ ಅವರು ನಂಬಿದ್ದು. ತಪ್ಪು ನಂದೇ," ಎನ್ನುತ್ತಾರೆ ಅಕ್ಕ.

ನಲ್ಲಿ ಕೆಮ್ಮುತ್ತದೆ, ಒಮ್ಮೆ ಕೆಸರು ಉಗುಳುತ್ತದೆ. ಆಮೇಲೆ ಧೋ ಎಂದು ನೀರು! ಬಕೆಟ್ ತುಂಬಿ ಅಕ್ಕನ ಕಾಲೆಲ್ಲ ಒದ್ದೆ. "ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆಯೋ!" ಎಂದು ಅಜ್ಜಿ ನಲ್ಲಿಗೇ ಬೈದು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಆಮೇಲೆ ಅಕ್ಕನತ್ತ ತಿರುಗಿ, "ನಾಳೆಯಿಂದ ಇಷ್ಟು ಬೇಗ ಬಂದು ಬಾಗಿಲು ಬಡೀಬೇಡ ಕಣೇ. ನಾನಿನ್ನು ನಿದ್ದೆ ಮಾಡ್ಬೇಕು," ಎಂದು ಗದರುತ್ತಾರೆ.

ಬಕೆಟ್ ಅಕ್ಕನ ಮುಖ ಊರಗಲವಾಗುತ್ತದೆ. "ಈ ಬೈಗುಳ ಪ್ರತಿ ಬೀದಿ ಕೊನೇ ಮನೇಲೂ ಕೇಳ್ಬೇಕು ಅಂತ ನಂಗಾಸೆ," ಎನ್ನುತ್ತಾ ಬಕೆಟ್ ಎತ್ತಿಕೊಳ್ಳುತ್ತಾರೆ. "ಬಡಿಯಲ್ಲ ಅಜ್ಜಿ. ಸದ್ದಿಲ್ಲದೆ ಬಂದು ನೋಡ್ಕೊಂಡು ಹೋಗ್ತೀನಿ, ನೀವು ಮಲಗಿರಿ."