ಎರಡೂ ತೆಗೆಯಿರಿ ಎಂದವರು ಯಾರು

ಮೊದಲು ಬಂದದ್ದು ದವಡೆ ನೋವು. ತಂಗಿ ಹುಲಿಗೆವ್ವ ಕೆನ್ನೆ ಹಿಡಿದು ಕೂತಳು. ಹಲ್ಲಿನದು ಎಂದುಕೊಂಡು ಲವಂಗ ಇಟ್ಟೆ. ಮೈ ಬೆವರುತ್ತಿತ್ತು. ಅದಕ್ಕೂ ಗಾಬರಿಯಾಗಲಿಲ್ಲ. ಗರ್ಭಕೋಶದ ಆಪರೇಷನ್ ಆದಾಗಿನಿಂದ, ಆರು ವರ್ಷ, ಅವಳು ಹೀಗೆಯೇ ಸುಮ್ಮಸುಮ್ಮನೆ ಮೈ ಕಾದು ಬೆವರುತ್ತಿದ್ದಳು.

ಗಂಗಾವತಿಯಲ್ಲಿ ಇಸಿಜಿ ಮಾಡಿದರು. ಹಾರ್ಟ್ ಅಟ್ಯಾಕ್.

ಅವಳಿಗೆ ಮೂವತ್ತೊಂಬತ್ತು.

ಕೊಪ್ಪಳದ ಐಸಿಯುನಲ್ಲಿ ಡಾಕ್ಟರಮ್ಮ ಹಳೆಯ ಡಿಸ್ಚಾರ್ಜ್ ಕಾರ್ಡ್ ಓದಿ ತಲೆ ಎತ್ತಿದರು. "ಗರ್ಭಕೋಶದ ಜೋಡಿ ಓವರಿ ಎರಡೂ ಯಾಕ ತೆಗಿಸಿದ್ರಿ? ಗಡ್ಡಿ ಏನರ ಇತ್ತೇನು?"

"ಇಲ್ರಿ. ಬಿಳಿ ಸೆರಗು ಹೋಗ್ತಿತ್ತು. ಸೊಂಟ ನೋಯ್ತಿತ್ತು."

ಅವರು ವಿವರಿಸಿದರು. ದೇಹ ಉಸಿರಾಡುತ್ತ, ದುಡಿಯುತ್ತ ತನ್ನೊಳಗೇ ಹಾನಿ ಮಾಡುವ ಕಣಗಳನ್ನು ಹುಟ್ಟಿಸಿಕೊಳ್ಳುತ್ತದೆ. ಓವರಿಯಿಂದ, ಅಂದರೆ ಅಂಡಾಶಯದಿಂದ, ಬರುವ ಈಸ್ಟ್ರೋಜನ್ ಹಾರ್ಮೋನು ಅವನ್ನು ಹತೋಟಿಯಲ್ಲಿಡಲು, ರಕ್ತನಾಳದ ಒಳಪದರ ಕಾಯಲು ನೆರವಾಗುತ್ತದೆ. ಅದು ಒಮ್ಮೆಲೇ ನಿಂತರೆ ಆ ಕಣಗಳ ಹಾವಳಿ, ಅವರ ಮಾತಿನಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್, ಹೆಚ್ಚಿ ಹೃದಯಕ್ಕೂ ಪೆಟ್ಟಾಗಬಹುದು. "ಅದೊಂದ ಕಾರಣ ಅಂತ ಹೇಳಾಕ ಬರಂಗಿಲ್ರಿ," ಎಂದರು. ತುಕ್ಕು ಹಿಡಿದ ಕಬ್ಬಿಣದ ಉದಾಹರಣೆ ಕೊಟ್ಟರು. ನನ್ನ ತಂಗಿ ಕಬ್ಬಿಣವಲ್ಲ ಎನ್ನಬೇಕೆನಿಸಿತು.

ಶ್ರೀರಾಮನಗರದ ಸುತ್ತ ಭತ್ತ ನಾಟಿಗೆ ಹೋಗುವ ನಮ್ಮ ಓಣಿಯ ಹೆಂಗಸರು ಒಬ್ಬರನ್ನು ನೋಡಿ ಒಬ್ಬರು ಗರ್ಭಕೋಶ ತೆಗೆಸಿಕೊಂಡರು. ಕೆಸರಿನಲ್ಲಿ ನಿಂತೇ ಚಾಷ್ಟಿ ಮಾಡುತ್ತಿದ್ದರು: "ಮಕ್ಕಳಾದ ಮ್ಯಾಲ ಖಾಲಿ ಚೀಲ ಯಾಕ ಹೊತ್ತು ತಿರಗತಿ ಬೇ?" ಓಣಿಯಲ್ಲಿ ಫಾರಂ ಓದಲು ಬರುವವಳು ನಾನು. ಹಾಗಾಗಿ ಆಸ್ಪತ್ರೆಗೆ ಕರೆದೊಯ್ಯುವುದು ನನ್ನ ಕೆಲಸ. ಹುಲಿಗೆವ್ವ ನಾಲ್ಕನೆಯವಳು.

ನಾನು ಹೊಲಿಗೆ ಮಷಿನ್ ಮುಂದೆ ಕೂರುವವಳು. ನನ್ನ ಗರ್ಭಕೋಶ ನನ್ನೊಳಗೇ ಇದೆ.

ಅವಳ ಆಪರೇಷನ್ನಿನ ದಿನ ಓವರಿಯ ಮಾತು ಎತ್ತಿದ್ದು ಯಾರು? ಡಾಕ್ಟರ್ ಕೇಳಿದರು, ನಾನು ತಲೆಯಾಡಿಸಿದೆ ಎಂದು ನನ್ನ ಗಂಡನಿಗೆ ಹೇಳಿದೆ. ನಮ್ಮನ್ನು ಯಾರೂ ಕೇಳಲೇ ಇಲ್ಲ ಎಂದು ತಂಗಿಯ ಗಂಡನಿಗೆ ಹೇಳಿದೆ. ಇನ್ನೊಂದು ನೆನಪಿನಲ್ಲಿ ನಾನು ಬಾಗಿಲ ಹತ್ತಿರ ಅಳುತ್ತಿದ್ದೇನೆ. ಅದರ ಮೇಲಂತೂ ನನಗೆ ನಂಬಿಕೆಯಿಲ್ಲ. ಅಳುವಂಥದ್ದು ಅವತ್ತು ಏನೂ ನಡೆದಿರಲಿಲ್ಲ. ಕಾರ್ಡಿನಲ್ಲಿ ಏನು ತೆಗೆದರು ಎಂದಿದೆ. ಯಾರು ಹೇಳಿದರು ಎಂದಿಲ್ಲ.

ಹನ್ನೊಂದು ದಿನಕ್ಕೆ ಮನೆಗೆ ಬಂದೆವು. ಹೃದಯದ ಪಂಪಿಂಗ್ ಕಡಿಮೆ. ಇನ್ನು ಗದ್ದೆಗೆ ಇಳಿಯುವಂತಿಲ್ಲ. ಬಚ್ಚಲಿಗೆ ನಡೆದು ಬಂದರೂ ಗೋಡೆ ಹಿಡಿದು ನಿಲ್ಲುತ್ತಾಳೆ. ಒಂದು ಮಧ್ಯಾಹ್ನ ಕೇಳಿಯೇಬಿಟ್ಟೆ.

"ಎರಡೂ ತೆಗೀರಿ ಅಂದವರು ಯಾರ, ಹುಲಿಗಿ?"

"ನೀನ ಅಂದಿ, ಯಕ್ಕಾ." ಅವಳು ಯೋಚಿಸಲೂ ಇಲ್ಲ. "'ಮತ್ತ ಮತ್ತ ಕೊಯ್ಯೂದು ಬ್ಯಾಡ, ಪೂರಾ ಖಾಲಿ ಮಾಡಿ ಕಳಸ್ರಿ' ಅಂದಿ. ನಕ್ಕೊಂತ. ನನಗೂ ನಗಿ ಬಂತು."

ನಗು ನನ್ನ ಯಾವ ನೆನಪಿನಲ್ಲೂ ಇರಲಿಲ್ಲ.

ಕೇಳಿದೆ: "ನನ್ನ ಮ್ಯಾಲ ಸಿಟ್ಟೈತೇನ?"

"ಐತಿ."

ಇಲ್ಲ, ಸುಮ್ಮನೆ ಅಂದೆ ಎನ್ನುತ್ತಾಳೆಂದು ಕಾದೆ.

"ನಿಂತಿ ಯಾಕ? ನೀರು ಕೊಡು. ಗುಳಿಗಿ ಹೊತ್ತಾತು."

ಕೊಟ್ಟೆ. ಎರಡು ಗುಟುಕಿಗೊಮ್ಮೆ ನಿಲ್ಲಿಸಿ, ಉಸಿರು ತೆಗೆದುಕೊಂಡು ಕುಡಿದಳು. ಲೋಟ ತಿರುಗಿ ಕೊಡುವಾಗ ನನ್ನ ಮುಖ ನೋಡಲಿಲ್ಲ. ನೋಡದಿರಲಿ. ಸಿಟ್ಟು ಮಾಡಿಕೊಳ್ಳಲು ಅವಳು ಬದುಕಿದ್ದಾಳೆ.