ಚಿಕ್ಕತಾಯಮ್ಮನ ದಿನ ಮತ್ತು ನಮ್ಮ ಮನೆಯ ಕಂಪ್ಯೂಟರ್

ಹೋದ ಭಾನುವಾರದ ಹಿಂದಿನ ಭಾನುವಾರ ಒಂದೇ ಏಟಿಗೆ ಹದಿನಾಲ್ಕು ಮಂದಿಯನ್ನು ಮನೆಯಿಂದ ಆಚೆಗೆ ಹಾಕಿದೆ. (ಗಾಬರಿ ಬೇಡ. ಎಲ್ಲ ಕಂಪ್ಯೂಟರ್ ಪ್ರೋಗ್ರಾಮ್‌ಗಳು.)

ಗುಂಡ್ಲುಪೇಟೆಯ ನಮ್ಮ ಮನೆಯ ಕಂಪ್ಯೂಟರ್ ಅಷ್ಟು ನಿಧಾನವಾಗಿತ್ತು. ಸ್ವಿಚ್ ಒತ್ತಿ, ಕಾಫಿ ಮಾಡಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ಅದಿನ್ನೂ ಎದ್ದಿರುತ್ತಿರಲಿಲ್ಲ. ಚಾಮರಾಜನಗರದಿಂದ ಬಂದ ರಿಪೇರಿಯವರು, "ಬೇಡದ್ದೆಲ್ಲ ತುಂಬ್ಕೊಂಡಿದೆ ಸಾರ್. ನೀವೇ ಕೂತು ತೆಗೆದುಹಾಕಿ" ಎಂದು ದಾರಿ ತೋರಿಸಿ ಹೋದರು.

ಪಟ್ಟಿ ತೆರೆದರೆ ಆಶ್ಚರ್ಯ. ಯಾವ ಪ್ರೋಗ್ರಾಮನ್ನು ನಾವು ಎಷ್ಟು ಬಳಸುತ್ತೇವೆ ಎಂದು ಕಂಪ್ಯೂಟರೇ ಗಮನಿಸಿ ಬರೆದಿಟ್ಟಿದೆ! ಒಂದೆರಡರ ಮುಂದೆ 'ಫ್ರೀಕ್ವೆಂಟ್ಲಿ'. ಮಿಕ್ಕವುಗಳ ಮುಂದೆಲ್ಲ 'ರೇರ್‌ಲಿ', ಅಂದರೆ ಅಪರೂಪ. ಮಗಳಿಗೆ ಟೈಪಿಂಗ್ ಕಲಿಸುವುದು, ಪುಕ್ಕಟೆ ಸಿ.ಡಿ.ಯಲ್ಲಿ ಬಂದ ಎರಡು ಕಾರ್ ರೇಸು, ಹಾಡು ಕೇಳಿಸುವ ಮೂರು ಪ್ರೋಗ್ರಾಮು (ನಮಗಿರುವುದು ಎರಡೇ ಕಿವಿ). ತೆಗೆದೆ. ತೆಗೆದೆ. ತೆಗೆಯುವುದರಲ್ಲಿ ಎಂಥ ಖುಷಿಯಿದೆ ಅಂತೀರಿ!

ಕೊನೆಗೆ ಉಳಿದಿದ್ದು ಅಪ್ಪನ ಜಾತಕದ ಪ್ರೋಗ್ರಾಮ್. ಅಪ್ಪ ತೀರಿಕೊಂಡು ವರ್ಷದ ಮೇಲಾಯಿತು. ಜಾತಕದ ಬಗ್ಗೆ ನನ್ನ ಅಭಿಪ್ರಾಯ ಏನೆಂದು ಈ ಅಂಕಣ ಓದುವವರಿಗೆ ಗೊತ್ತೇ ಇದೆ. ಆದರೂ ಕೈ ಒಂದು ಕ್ಷಣ ತಡೆಯಿತು. ಕಂಪ್ಯೂಟರ್ ಕೂಡ 'ಆರ್ ಯು ಶ್ಯೂರ್?' ಎಂದು ಕೇಳಿತು. ಅದರ ಮುಂದೆಯೂ 'ರೇರ್‌ಲಿ' ಅಂತಲೇ ಇತ್ತಲ್ಲ? 'ಯೆಸ್' ಒತ್ತಿದೆ.

ಮೊನ್ನೆ ಬುಧವಾರ, ದಿನಾ ನಮ್ಮ ಬೀದಿಗೆ ಸೊಪ್ಪು ತರುವ ಚಿಕ್ಕತಾಯಮ್ಮ ಕುಕ್ಕೆ ಇಳಿಸಿ ಜಗಲಿಯ ಮೇಲೆ ಕೂತರು.

"ಮೇಷ್ಟ್ರೇ, ಈ ಸಲ ನನ್ ದಿನ ಯಾವತ್ತು ಬತ್ತದೆ? ವಸಿ ಆ ಪೆಟ್ಗೆ ನೋಡ್ಬುಟ್ಟು ಹೇಳಿ."

"ಯಾವ ದಿನ ತಾಯಮ್ಮಾ?"

"ನಾನ್ ಉಟ್ಟಿದ್ ದಿನ! ನಿಮ್ಮಪ್ಪಾರು ವರ್ಸ ವರ್ಸ ನೋಡಿ ಹೇಳೋರು. ಓದ್ ವರ್ಸ ಸಾವಿನ್ ಮನೆ ಅಂತ ನಾನೇ ಕೇಳ್ನಿಲ್ಲ."

ಐದಾರು ವರ್ಷದ ಹಿಂದೆ ಅಪ್ಪ ತೆರಕಣಾಂಬಿಯಲ್ಲಿದ್ದ ಆಕೆಯ ಸೋದರತ್ತೆಯನ್ನು ಕರೆಸಿ ವಿಚಾರಿಸಿದ್ದರಂತೆ. ಇವಳು ಹುಟ್ಟಿದಾಗ ಯಾವ ಮಳೆ, ಹೊಲದಲ್ಲಿ ಏನು ಬೆಳೆ, ಅಮಾವಾಸ್ಯೆ ಕಳೆದು ಎಷ್ಟು ದಿನ? ಹಾಗೆ ಕೆದಕಿ ಕೆದಕಿ ದಿನ ಪತ್ತೆ ಮಾಡಿ ಕಂಪ್ಯೂಟರಿಗೆ ಹಾಕಿದ್ದರು. ಜನ್ಮನಕ್ಷತ್ರ ಪ್ರತಿವರ್ಷ ಬೇರೆ ಬೇರೆ ತಾರೀಖಿಗೆ ಬೀಳುತ್ತದೆ. ಹಾಗಾಗಿ ದೀಪಾವಳಿ ಕಳೆದ ಮೇಲೆ ಆಕೆ ಬಂದು ಕೇಳಬೇಕು. ವರ್ಷಕ್ಕೊಂದು ಸಲ. (ರೇರ್‌ಲಿ!)

ಅವತ್ತೊಂದು ದಿನ ಚಿಕ್ಕತಾಯಮ್ಮ ಸೊಪ್ಪು ಮಾರುವುದಿಲ್ಲ. ಗೋಪಾಲಸ್ವಾಮಿ ಬೆಟ್ಟ ಹತ್ತಿ, ಮಂಜಿನಲ್ಲಿ ಸುಮ್ಮನೆ ಕೂತು ಬರುತ್ತಾರೆ. ವರ್ಷಕ್ಕೆ ಅದೊಂದೇ ರಜೆ. ಇಷ್ಟು ವರ್ಷ ಸೊಪ್ಪು ಕೊಂಡ ನನಗೆ ಇದು ಗೊತ್ತೇ ಇರಲಿಲ್ಲ.

ಸಿ.ಡಿ. ಹುಡುಕಿ ಮತ್ತೆ ಹಾಕಿದೆ. ಪ್ರೋಗ್ರಾಮ್ ಬಂತು. ಅದರೊಳಗಿದ್ದ ಜನ ಬರಲಿಲ್ಲ. ಚಾಮರಾಜನಗರಕ್ಕೆ ಫೋನ್ ಮಾಡಿದರೆ, "ಅದ್ರ ಜೊತೆ ಫೈಲೂ ಹೋಗಿದೆ ಸಾರ್, ಆಸೆ ಬಿಡಿ" ಎಂದರು. ಅಪ್ಪನ ನೋಟ್‌ಬುಕ್ಕುಗಳನ್ನೆಲ್ಲ ತಡಕಿದೆ. ಏನೂ ಇಲ್ಲ. ಇರುವುದಾದರೂ ಹೇಗೆ? 'ಕಂಪ್ಯೂಟರ್ ಇರುವಾಗ ಕಾಗದ ಯಾಕೆ ಹಾಳು ಮಾಡ್ತೀರಿ?' ಎಂದು ಅಪ್ಪನನ್ನು ಹಂಗಿಸಿದವನು ನಾನೇ.

"ನಕ್ಷತ್ರ ಯಾವುದು, ನೆನಪಿದೆಯಾ?"

"ಅದ್ರ ಎಸ್ರು ನನ್ ನಾಲ್ಗೇಲಿ ನಿಲ್ಲಕಿಲ್ಲ. ನಿಮ್ಮಪ್ಪಾರ ತಾವ ಅದೆಯಲ್ಲ ಅಂತ ಬುಟ್ಬುಟ್ಟಿದ್ದೆ."

"ನಿಮ್ಮ ಸೋದರತ್ತೆ?"

"ಅವ್ಳೂ ತೀರೋದ್ಲು. ಎರಡ್ ವರ್ಸಾಯ್ತು."

ಮಾಡಿದ್ದನ್ನು ಹೇಳಿದೆ. ಹೇಳುವಾಗ ಆಕೆಯ ಮುಖ ನೋಡಲಾಗಲಿಲ್ಲ. ಜಾತಕವನ್ನು ನಾನು ಈಗಲೂ ನಂಬುವುದಿಲ್ಲ. ಆದರೆ ನಾನು ನಂಬದ್ದರೊಳಗೆ ಇನ್ನೊಬ್ಬರ ಹುಟ್ಟಿದ ದಿನ ಇರಬಹುದೆಂದು ಒಮ್ಮೆ ತೆರೆದು ನೋಡಬಾರದಿತ್ತೇ? ಆಕೆಗೆ ಭವಿಷ್ಯ ಬೇಕಿರಲಿಲ್ಲ. ತಾನು ಹುಟ್ಟಿದ್ದು ಯಾವತ್ತು ಎಂಬುದಷ್ಟೇ ಬೇಕಿತ್ತು. ಅದನ್ನೂ ಅಪ್ಪನ ಕೈಯಲ್ಲಿ ಕೊಟ್ಟು ನಿಶ್ಚಿಂತೆಯಿಂದ ಇದ್ದರು.

ಚಿಕ್ಕತಾಯಮ್ಮ ಸೊಪ್ಪಿನ ಕಟ್ಟುಗಳ ಮೇಲೆ ನೀರು ಚಿಮುಕಿಸಿದರು. ಆಮೇಲೆ ಕುಕ್ಕೆ ಎತ್ತಿಕೊಂಡರು.

"ಓಗ್ಲಿ ಬುಡಿ ಮೇಷ್ಟ್ರೇ. ನಾಳೀಕೇ ಅಂತ ಬರ್ಕಳಿ. ಈ ಸಲ ಕಾಗ್ದದ್ ಮೇಲೆ ಬರೀರಿ."

ಬರೆದೆ. ಮಾರನೆಯ ದಿನ ನಮ್ಮ ಬೀದಿಗೆ ಸೊಪ್ಪು ಬರಲಿಲ್ಲ.

ಕಂಪ್ಯೂಟರ್ ಈಗ ಬಲು ಚುರುಕು. ಹಾಲು ಕಾಯುವಷ್ಟರಲ್ಲಿ ಎದ್ದು ಕೂತಿರುತ್ತದೆ. ಬಡಪಾಯಿ, ತೆಗೆಯುವ ಮುಂಚೆ ಅದು ನನ್ನನ್ನು ಒಂದು ಮಾತು ಕೇಳಿತ್ತು.

ನಾನು ಯಾರನ್ನು ಕೇಳಿದ್ದೆ?