ಕವಳದ ಗದ್ದ

ನಲವತ್ತರ ಹೊಸ್ತಿಲಲ್ಲಿ ನಾನು ಶಿರಸಿಯ ಬಾಕ್ಸಿಂಗ್ ಕ್ಲಾಸಿಗೆ ಸೇರಿದ್ದು ಹೊಟ್ಟೆ ಕರಗಿಸಲು. ಹೊಟ್ಟೆ ಕರಗಲಿಲ್ಲ, ಆಸೆ ಬೆಳೆಯಿತು. ಒಂದೇ ಒಂದು ಸಲ ಹೆಂಡತಿ, ಮಗಳ ಎದುರು ರಿಂಗಿನಲ್ಲಿ ನಿಲ್ಲಬೇಕು. ಭಾನುವಾರ ಯಲ್ಲಾಪುರದ ಕ್ಲಾಸಿನವರು ಬರುವವರಿದ್ದರು, ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು.

ಅದಕ್ಕೆಂದೇ ಹಲ್ಲು ಕಾಯುವ ಮೌತ್‌ಗಾರ್ಡ್ ತರಿಸಿದೆ. ಬಿಸಿನೀರಲ್ಲಿ ಅದ್ದಿ, ಕಚ್ಚಿ, ಹಲ್ಲಿನ ಅಚ್ಚಿಗೆ ಕೂರಿಸಿಕೊಂಡೆ. ಕ್ಲಾಸಿನಲ್ಲಿ ಬಾಯಿಗಿಟ್ಟು ನಿಂತದ್ದೇ ತಡ, ಅಲ್ಲಿಯವರೆಗೆ ತಗ್ಗಿಯೇ ಇರುತ್ತಿದ್ದ ನನ್ನ ಗದ್ದ ಮೇಲೆದ್ದಿತು. ಬೆನ್ನು ಹಿಂದಕ್ಕೆ ವಾಲಿತು. ಮೈಭಾರವೆಲ್ಲ ಹಿಮ್ಮಡಿಗೆ ಇಳಿದು, ಕಾಲು ಕಿತ್ತಿಡುವುದೇ ಕಷ್ಟವಾಯಿತು.

ಹಾವೇರಿ ಕಡೆಯ ಕೋಚ್ ನನ್ನ ಸುತ್ತ ಒಂದು ಪ್ರದಕ್ಷಿಣೆ ಬಂದರು.

“ಗದ್ದ ಕೆಳಗ ಮಾಡ್ರಿ ಸರ. ಮ್ಯಾಲ ಏನೈತಿ?”

ಶುಕ್ರವಾರದೊಳಗೆ ಸರಿಯಾಗದಿದ್ದರೆ ಭಾನುವಾರ ನನಗೆ ಗಂಟೆ ಬಾರಿಸುವ ಕೆಲಸ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಮನೆಗೆ ಬಂದು ಮೌತ್‌ಗಾರ್ಡ್ ಮಾಡಿದವನ ವಂಶವನ್ನೇ ಬೈದೆ.

ಹೆಂಡತಿ ಬದನೆಕಾಯಿ ಹೆಚ್ಚುತ್ತಲೇ ಹೇಳಿದಳು, “ಅವಂದೆಂತ ತಪ್ಪಿಲ್ಲೆ. ಕವಳದ ರಸ ಅಂಗಿ ಮೇಲೆ ಬೀಳ್ತು ಹೇಳಿ ಇಪ್ಪತ್ತು ವರ್ಷ ಗದ್ದ ಎತ್ತೇ ಮಾತಾಡಿದ್ರಿ. ಈಗ ಬಾಯಲ್ಲಿ ಎಂತ ಇದ್ರೂ ಅದು ಮೇಲೇ ಹೋಗ್ತು.”

ಇಪ್ಪತ್ತು ವರ್ಷ ಎಲೆಅಡಿಕೆಯ ಕವಳ ಜಗಿದವನಿಗೆ ಹೊಳೆಯದ್ದು ಅವಳಿಗೆ ಹೊಳೆದಿತ್ತು. ಮದ್ದನ್ನೂ ಅವಳೇ ಹೇಳಿದಳು: ಕವಳ ಹಾಕಿ, ಗದ್ದ ಇಳಿಸಿ, ಬಾಯಿ ಮುಚ್ಚಿಕೊಂಡು ಓಡಾಡುವುದು. ನಾಲ್ಕು ದಿನ ಮನೆಯಲ್ಲಿ ನನ್ನ ಮಾತಿಲ್ಲ. ಅಭ್ಯಾಸಬಲದಿಂದ ಬಾಯಿಬಿಟ್ಟು ಮೂರು ಅಂಗಿ ಕೆಂಪಾದವು. ಶುಕ್ರವಾರ ಕೋಚ್ ಒಪ್ಪಿದರು.

ಭಾನುವಾರ ನನ್ನೆದುರು ನಿಂತವರು ಯಲ್ಲಾಪುರದ ಲಾರಿ ಡ್ರೈವರ್, ನನ್ನದೇ ವಯಸ್ಸು, ನನ್ನವೇ ಕವಳದ ಕೆಂಪು ಹಲ್ಲು. ಮೌತ್‌ಗಾರ್ಡ್ ಬಾಯಿಗಿಟ್ಟರು. ಅವರ ಗದ್ದ ನಿಧಾನಕ್ಕೆ ಮೇಲೆದ್ದಿತು, ಬೆನ್ನು ಹಿಂದಕ್ಕೆ ವಾಲಿತು.

ಮೊದಲು ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಎತ್ತಿದ ಗದ್ದಕ್ಕೆ ಒಂದೇ ಗುದ್ದು ಸಾಕಿತ್ತು. ಆದರೆ ಆ ಗದ್ದದ ಕಷ್ಟ ನನಗಲ್ಲದೆ ಅಲ್ಲಿ ಯಾರಿಗೆ ಗೊತ್ತು? ಪಾಪ ಅನ್ನಿಸಿ ಕೈ ಏಳಲಿಲ್ಲ. “ಗದ್ದ ಕೆಳಗೆ ಮಾಡಿ ಮಾರಾಯ್ರೆ” ಎಂದು ಹೇಳಹೋದೆ.

ಬಾಯಲ್ಲಿ ಮೌತ್‌ಗಾರ್ಡ್ ಇತ್ತಲ್ಲ. ಮಾತು ಹೊರಡುವ ಮೊದಲೇ ಹಳೇ ಅಭ್ಯಾಸಕ್ಕೆ ನನ್ನ ಗದ್ದ ಮೇಲೆದ್ದಿತು. ಅವರ ಗುದ್ದು ನೇರ ಅಲ್ಲಿಗೇ ಬಂತು.

ಕಣ್ಣು ಬಿಟ್ಟಾಗ ಅಂಗಾತ ಬಿದ್ದಿದ್ದೆ. ಮಗಳು ಚಪ್ಪಾಳೆ ತಟ್ಟುತ್ತಿದ್ದಳು, ಯಾರಿಗೆಂದು ಈಗಲೂ ಕೇಳಿಲ್ಲ. ಕೋಚ್ ಬಗ್ಗಿ ನನ್ನ ಮೌತ್‌ಗಾರ್ಡ್ ತೆಗೆದರು.

“ಈಗರ ಹೇಳ್ರಿ ಸರ, ಮ್ಯಾಲ ಏನೈತಿ?”

“ಮೂರು ಟ್ಯೂಬ್‌ಲೈಟ್,” ಎಂದೆ. “ಒಂದು ಹತ್ತಿಲ್ಲ.”